ನೀರನ್ನು ಅಡುಗೆಮನೆಯ ನಲ್ಲಿಯಲ್ಲಿ ಪರೀಕ್ಷಿಸಿ, ಗಾಜಿನ ಬಾಟಲಿಯಲ್ಲಿ ಪರೀಕ್ಷಿಸಿ: ಬೆಂಗಳೂರು ಜಲಮಂಡಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ,
ಕಾವೇರಿ ಭವನ, ಬೆಂಗಳೂರು.

ವಿಷಯ: ಕುಡಿಯುವ ನೀರಿಗೆ ಪ್ಲಾಸ್ಟಿಕ್‌ನಿಂದ ಸೇರುವ ರಾಸಾಯನಿಕಗಳ ಪರೀಕ್ಷೆ ಆರಂಭಿಸಿ, ಫಲಿತಾಂಶ ಪ್ರಕಟಿಸುವ ಕುರಿತು.

ಮಾನ್ಯರೇ,

ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ಕಾವೇರಿ ನೀರು ಮೂರು ಕಡೆ ಪಂಪ್ ಆಗಿ, ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಹರಿದು ಬೆಂಗಳೂರಿಗೆ ಬರುತ್ತದೆ. 2024ರ ಅಕ್ಟೋಬರ್ 16ರಂದು ಐದನೇ ಹಂತ ಉದ್ಘಾಟನೆಯಾದ ಮೇಲೆ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ತರುವ ಸಾಮರ್ಥ್ಯ ಸೇರಿಕೊಂಡಿತು, ಹೊರವಲಯದ 110 ಹಳ್ಳಿಗಳಿಗೆ ಕಾವೇರಿಯ ದಾರಿ ತೆರೆಯಿತು. ಇಷ್ಟು ದೂರ, ಇಷ್ಟು ಎತ್ತರಕ್ಕೆ ನೀರು ತರುವ ಕೆಲಸದ ಬಗ್ಗೆ ಗೌರವ ಇಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇವೆ. ಆ ನೀರಿನಲ್ಲಿ ಕ್ಲೋರಿನ್ ಎಷ್ಟು ಉಳಿದಿದೆ, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆಯೇ, ಗಡಸುತನ ಎಷ್ಟು ಎಂದು ನೋಡಲು ನಿಯಮವಿದೆ, ಪಟ್ಟಿಯಿದೆ, ಪ್ರಯೋಗಾಲಯವಿದೆ. ಆದರೆ ನೀರು ದಾರಿಯುದ್ದಕ್ಕೂ ಮುಟ್ಟಿಬಂದ ಪ್ಲಾಸ್ಟಿಕ್ ಪೈಪು, ಸಂಪಿನ ಲೇಪನ, ಟ್ಯಾಂಕರ್‌ನ ಹೋಸ್, ಟೆರೇಸಿನ ಟ್ಯಾಂಕು ಇವುಗಳಿಂದ ಅದಕ್ಕೆ ಏನು ಇಳಿಯಿತು ಎಂಬ ಪ್ರಶ್ನೆ ಕಡ್ಡಾಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ನಾವು ನೀರಿನ ಪರೀಕ್ಷೆ ಮತ್ತು ಕೊಳಾಯಿ ಕೆಲಸ ಎರಡನ್ನೂ ಹತ್ತಿರದಿಂದ ಬಲ್ಲವರು. ನಮ್ಮ ಕೋರಿಕೆ ಎರಡು ಭಾಗದ್ದು. ಈ ಪರೀಕ್ಷೆಯನ್ನು ಮಾಡಿಸಿ ಎನ್ನುವುದು ಮೊದಲನೆಯದು. ಸರಿಯಾದ ಕ್ರಮದಲ್ಲಿ ಮಾಡಿಸಿ ಎನ್ನುವುದು ಎರಡನೆಯದು, ಮತ್ತು ನಮಗೆ ಇದೇ ಹೆಚ್ಚು ಮುಖ್ಯ. ಪ್ಲಾಸ್ಟಿಕ್ ರಾಸಾಯನಿಕಗಳ ವಿಷಯದಲ್ಲಿ ತಪ್ಪು ಕ್ರಮದ ಪರೀಕ್ಷೆ, ಪರೀಕ್ಷೆ ಮಾಡದಿರುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಅದು ಇಲ್ಲದ ವಿಷವನ್ನು ತೋರಿಸಿ ಜನರನ್ನು ಹೆದರಿಸಬಹುದು, ಇರುವುದನ್ನು ಮುಚ್ಚಿ ಸುಳ್ಳು ನೆಮ್ಮದಿಯನ್ನೂ ಕೊಡಬಹುದು.

ಮೊದಲು ಮಾನಕದ ಮಾತು. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐಎಸ್ 10500, 2012ರದ್ದು. ಅದರಲ್ಲಿ ಸೀಸ, ಆರ್ಸೆನಿಕ್, ಕೀಟನಾಶಕ, ಟ್ರೈಹ್ಯಾಲೋಮೀಥೇನ್ ಎಲ್ಲಕ್ಕೂ ಮಿತಿ ಇದೆ. ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸುವ ಥ್ಯಾಲೇಟ್‌ಗಳಿಗೆ ಮಿತಿ ಇಲ್ಲ. ಕೆಲವು ಗಟ್ಟಿ ಪ್ಲಾಸ್ಟಿಕ್ ಮತ್ತು ಎಪಾಕ್ಸಿ ಲೇಪನ ತಯಾರಿಸಲು ಬಳಸುವ ಬಿಸ್ಫೆನಾಲ್ ಎ ಎಂಬುದಕ್ಕೂ ಇಲ್ಲ, ಪಿವಿಸಿಯ ಮೂಲವಸ್ತುವಾದ ವಿನೈಲ್ ಕ್ಲೋರೈಡ್‌ಗೂ ಇಲ್ಲ. ಹೊರಗೆ ನೋಡಿದರೆ ಥ್ಯಾಲೇಟ್‌ಗಳಲ್ಲಿ ಹೆಚ್ಚು ಬಳಕೆಯ ಡಿಇಎಚ್‌ಪಿಗೆ ಅಮೆರಿಕದ ಪರಿಸರ ಸಂಸ್ಥೆಯ ಮಿತಿ ಲೀಟರಿಗೆ 6 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮೌಲ್ಯ 8. ವಿನೈಲ್ ಕ್ಲೋರೈಡ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 0.3 ಮೈಕ್ರೋಗ್ರಾಂ, ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾಗಿರುವ ವಸ್ತು. ಐರೋಪ್ಯ ಒಕ್ಕೂಟ 2020ರ ಕುಡಿಯುವ ನೀರಿನ ನಿರ್ದೇಶನದಲ್ಲಿ ಬಿಸ್ಫೆನಾಲ್ ಎಗೆ 2.5 ಮೈಕ್ರೋಗ್ರಾಂ ಮಿತಿ ಹಾಕಿತು. 2023ರಲ್ಲಿ ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರ ಇದೇ ವಸ್ತುವಿನ ದಿನನಿತ್ಯದ ಸಹನೀಯ ಪ್ರಮಾಣವನ್ನು ಹಿಂದಿನದಕ್ಕಿಂತ 20,000 ಪಟ್ಟು ಕೆಳಗಿಳಿಸಿತು. ನಮ್ಮಲ್ಲೇ ಮಕ್ಕಳ ಹಾಲಿನ ಬಾಟಲಿಗೆ ಬಿಸ್ಫೆನಾಲ್ ಎ ಬೇಡವೆಂದು ಭಾರತೀಯ ಮಾನಕ ಬ್ಯೂರೋ 2015ರಲ್ಲಿ ನಿರ್ಧರಿಸಿದೆ. ಬಾಟಲಿಗೆ ಬೇಡವಾದದ್ದು ಬಾಟಲಿಗೆ ಹಾಕುವ ನೀರಿನಲ್ಲಿ ಎಷ್ಟಿದೆ ಎಂದು ನೋಡುವುದು ಸಹಜವಾದ ಮುಂದಿನ ಹೆಜ್ಜೆ.

ಪಟ್ಟಿಯಲ್ಲಿ "ಫಿನಾಲಿಕ್ ಸಂಯುಕ್ತಗಳು" ಇವೆಯಲ್ಲ, ಬಿಸ್ಫೆನಾಲ್ ಅದರಲ್ಲೇ ಸಿಕ್ಕಿಬೀಳುವುದಿಲ್ಲವೇ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಸಿಕ್ಕಿಬೀಳುವುದಿಲ್ಲ. ಆ ಪರೀಕ್ಷೆಗೆ ಸಾಮಾನ್ಯವಾಗಿ ಬಳಸುವ ಅಮಿನೋಆಂಟಿಪೈರಿನ್ ಬಣ್ಣದ ವಿಧಾನ, ಉಂಗುರದ ಎದುರು ತುದಿಯಲ್ಲಿ ಇಂಗಾಲದ ಕೊಂಡಿ ಕೂತಿರುವ ಫಿನಾಲ್‌ಗಳಿಗೆ ಸರಿಯಾಗಿ ಬಣ್ಣ ಕೊಡುವುದಿಲ್ಲ. ಬಿಸ್ಫೆನಾಲ್ ಎ ಅಂಥದ್ದೇ. ಜನ ಮನೆಯಲ್ಲಿ ನೀರಿಗೆ ಅದ್ದಿ ನೋಡುವ ಟಿಡಿಎಸ್ ಮೀಟರ್ ಸಹ ಇಲ್ಲಿ ನಿರುಪಯೋಗಿ. ಅದು ಅಳೆಯುವುದು ವಿದ್ಯುತ್ ಹರಿಯಬಿಡುವ ಲವಣಗಳನ್ನು ಮಾತ್ರ. ಥ್ಯಾಲೇಟ್ ಎಷ್ಟಿದ್ದರೂ ಅದರ ಮುಳ್ಳು ಕದಲುವುದಿಲ್ಲ.

ಈ ರಾಸಾಯನಿಕ ಎಲ್ಲಿಂದ ಬರುತ್ತದೆ ಎನ್ನುವಲ್ಲಿ ಎಲ್ಲ ಪ್ಲಾಸ್ಟಿಕ್ಕನ್ನೂ ಒಂದೇ ತಕ್ಕಡಿಗೆ ಹಾಕಬಾರದು. ರಸ್ತೆಯಡಿ ಹಾಕುವ ಕಪ್ಪು ಎಚ್‌ಡಿಪಿಇ ಪೈಪಿಗೆ ಥ್ಯಾಲೇಟ್ ಬೆರೆಸುವ ಅಗತ್ಯವೇ ಇಲ್ಲ. ಅದರಿಂದ ಇಳಿಯುವುದು ಪ್ಲಾಸ್ಟಿಕ್ ಹಾಳಾಗದಂತೆ ಸೇರಿಸಿದ ಆಂಟಿಆಕ್ಸಿಡೆಂಟ್‌ಗಳ ಚೂರುಗಳು, ಮುಖ್ಯವಾಗಿ ಡೈ-ಟರ್ಟ್-ಬ್ಯುಟೈಲ್ ಫಿನಾಲ್. ಎಚ್‌ಡಿಪಿಇಯ ನಿಜವಾದ ದೌರ್ಬಲ್ಯ ಬೇರೆ: ಪೆಟ್ರೋಲ್, ಡೀಸೆಲ್ ನೆನೆದ ಮಣ್ಣಿನಲ್ಲಿ ಹಾದುಹೋದರೆ ಹೈಡ್ರೋಕಾರ್ಬನ್‌ಗಳು ಪೈಪಿನ ಗೋಡೆಯನ್ನೇ ದಾಟಿ ಒಳಗೆ ಬರುತ್ತವೆ. ಪೈಪ್ ಎಲ್ಲೂ ಒಡೆದಿರುವುದಿಲ್ಲ, ಸೋರಿಕೆ ಕಾಣುವುದಿಲ್ಲ, ನೀರಿಗೆ ಮಾತ್ರ ವಾಸನೆ. ಹಳೆಯ ಪೆಟ್ರೋಲ್ ಬಂಕ್, ಗ್ಯಾರೇಜು, ಡಿಪೋಗಳ ಪಕ್ಕದ ಲೈನುಗಳನ್ನು ಇದಕ್ಕಾಗಿ ಬೇರೆಯಾಗಿ ನೋಡಬೇಕು. ಮನೆಯೊಳಗಿನ ಗಡುಸು ಯುಪಿವಿಸಿ ಪೈಪಿನಲ್ಲೂ ಮೆತ್ತಗಾಗಿಸುವ ಎಣ್ಣೆ ಇರುವುದಿಲ್ಲ, ಆದರೆ ಹಳೆಯ ಪೈಪಿನಲ್ಲಿ, ಬಿಸಿಗೆ ಪ್ಲಾಸ್ಟಿಕ್ ಕೆಡದಂತೆ ಬೆರೆಸುತ್ತಿದ್ದ ಸೀಸದ ಸ್ಟೆಬಿಲೈಸರ್ ಇರುವ ಸಾಧ್ಯತೆ ಇದೆ. ಪಿವಿಸಿ ಪೈಪಿನ ಸೀಸಕ್ಕೆ ಕೇಂದ್ರ ಪರಿಸರ ಸಚಿವಾಲಯ ನಿಯಮ ತಂದದ್ದು 2021ರಲ್ಲಿ. ಅದಕ್ಕೆ ಮುಂಚೆ ಕಟ್ಟಿದ ಮನೆಗಳ ಗೋಡೆಯೊಳಗೆ ಇರುವ ಪೈಪನ್ನು ಯಾರೂ ಕಿತ್ತು ಹಾಕಿಲ್ಲ. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಸಿಪಿವಿಸಿ ಪೈಪು ಅಂಟಿಸುವ ಸಾಲ್ವೆಂಟ್ ಸಿಮೆಂಟಿನದು ಇನ್ನೊಂದು ತೊಂದರೆ. ಅಂಟನ್ನು ಅಗತ್ಯಕ್ಕಿಂತ ಹೆಚ್ಚು ಹಚ್ಚಿ, ಒಣಗುವ ಮೊದಲೇ ನೀರು ಬಿಟ್ಟರೆ ಅದರ ದ್ರಾವಕಗಳು ವಾರಗಟ್ಟಲೆ ನೀರಿನಲ್ಲಿ ಬರುತ್ತಿರುತ್ತವೆ. ಸಂಪಿನ ಒಳಗೋಡೆಗೆ ಬಳಿಯುವ ಎಪಾಕ್ಸಿಯೂ ಹಾಗೆಯೇ. ರಾಳ ಮತ್ತು ಗಟ್ಟಿಕಾರಕವನ್ನು ಕಣ್ಣಂದಾಜಿನಲ್ಲಿ ಬೆರೆಸಿದರೆ ಒಂದು ಭಾಗ ಗಟ್ಟಿಯಾಗದೆ ಉಳಿಯುತ್ತದೆ, ಬಿಸ್ಫೆನಾಲ್ ಅಲ್ಲಿಂದ ನೀರಿಗೆ ಇಳಿಯುತ್ತದೆ.

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಟ್ಯಾಂಕರ್‌ನ ಹೋಸ್. ನೀರು ತುಂಬಿಸುವ ಯಾವ ಜಾಗಕ್ಕೆ ಹೋದರೂ ಕಾಣುವುದು ಒಂದೇ: ಹಸಿರು ಅಥವಾ ನೀಲಿ ಬಣ್ಣದ ಮೆತ್ತನೆಯ ಪಿವಿಸಿ ಪೈಪು, ಬಿಸಿಲಿನಲ್ಲಿ ಟ್ಯಾಂಕರ್‌ನ ಬೆನ್ನಿಗೆ ಸುತ್ತಿಟ್ಟದ್ದು, ಒಳಗೆ ಹಿಂದಿನ ಟ್ರಿಪ್ಪಿನ ನೀರು ನಿಂತದ್ದು. ಇಂಥ ಮೆತ್ತನೆಯ ಪಿವಿಸಿಯ ತೂಕದಲ್ಲಿ ಸಾಮಾನ್ಯವಾಗಿ ಶೇ 20ರಿಂದ 40ರಷ್ಟು ಪ್ಲಾಸ್ಟಿಸೈಸರ್ ಎಂಬ ಎಣ್ಣೆಯಂಥ ದ್ರವವೇ ಇರುತ್ತದೆ. ಅದು ಪ್ಲಾಸ್ಟಿಕ್‌ಗೆ ರಾಸಾಯನಿಕವಾಗಿ ಅಂಟಿಕೊಂಡಿರುವುದಿಲ್ಲ, ಸುಮ್ಮನೆ ನೆನೆದು ಕೂತಿರುತ್ತದೆ. ಹೊಸ ಪೈಪು ಕೈಗೆ ಜಿಡ್ಡು ಜಿಡ್ಡಾಗಿ ತಾಕುತ್ತದೆ. ಕೆಲವು ವರ್ಷಕ್ಕೆ ಅದೇ ಪೈಪು ಬಿರುಸಾಗಿ, ಬಗ್ಗಿಸಿದರೆ ಸೀಳುವಂತಾಗುತ್ತದೆ. ನಡುವೆ ಹೊರಟುಹೋದ ಎಣ್ಣೆಯಲ್ಲಿ ಒಂದಷ್ಟು ಗಾಳಿಗೆ, ಒಂದಷ್ಟು ಅದರಲ್ಲಿ ಹರಿದ ನೀರಿಗೆ ಸೇರಿದೆ. ಲೆಕ್ಕ ಹಾಕಿ ನೋಡಿ. 6,000 ಲೀಟರಿನ ಒಂದು ಟ್ಯಾಂಕರ್ ನೀರು ಅಮೆರಿಕದ 6 ಮೈಕ್ರೋಗ್ರಾಂ ಮಿತಿಯನ್ನು ಮುಟ್ಟಲು ಒಟ್ಟು 36 ಮಿಲಿಗ್ರಾಂ ಡಿಇಎಚ್‌ಪಿ ಸಾಕು. ಡಿಇಎಚ್‌ಪಿಯಿಂದ ಮೆತ್ತಗಾಗಿಸಿದ ಒಂದು ಕಿಲೋ ಹೋಸಿನಲ್ಲಿ ಅದು 200 ಗ್ರಾಂಗಿಂತ ಹೆಚ್ಚಿರುತ್ತದೆ. ಅಷ್ಟೂ ಇಳಿಯುತ್ತದೆ ಎಂದು ನಾವು ಹೇಳುತ್ತಿಲ್ಲ. ಡಿಇಎಚ್‌ಪಿ ನೀರಿನಲ್ಲಿ ಬಹಳ ಕಡಿಮೆ ಕರಗುವ ವಸ್ತು. ಹರಿಯುವ ನೀರಿಗಿಂತ ಬಿಸಿಲಿಗೆ ಕಾದು ನಿಂತ ನೀರೇ ಹೆಚ್ಚು ಎಳೆದುಕೊಳ್ಳುತ್ತದೆ, ಮತ್ತು ಆ ನೀರೇ ಮೊದಲು ಸಂಪಿಗೆ ಬೀಳುತ್ತದೆ. ಎಷ್ಟು ಇಳಿಯುತ್ತದೆ ಎಂಬುದನ್ನು ಅಳೆದೇ ಹೇಳಬೇಕು.

ನದಿಯ ಕಡೆಯಿಂದಲೂ ಸ್ವಲ್ಪ ಬರಬಹುದು. ಕಾವೇರಿಯ ತಮಿಳುನಾಡು ಭಾಗದ ನೀರು ಮತ್ತು ಕೆಸರಿನಲ್ಲಿ ಥ್ಯಾಲೇಟ್‌ಗಳು ಕಂಡುಬಂದ ಅಧ್ಯಯನಗಳು ಪ್ರಕಟವಾಗಿವೆ. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಕೃಷ್ಣರಾಜಸಾಗರದ ಬಳಿಯ ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್ ಗುರುತಿಸಿ, ಆ ನೀರು ಮೀನಿನ ಮರಿಗಳ ಮೇಲೆ ಮಾಡುವ ಪರಿಣಾಮವನ್ನು ವರದಿ ಮಾಡಿತು. ನಮ್ಮ ನಗರದ ಕೊಳಚೆ ಹೊತ್ತ ವೃಷಭಾವತಿ, ಅರ್ಕಾವತಿಗಳು ಕಾವೇರಿಯನ್ನು ಕೂಡುವುದು ನಾವು ನೀರೆತ್ತುವ ಜಾಗದಿಂದ ಕೆಳಗೆ, ಸಂಗಮದಲ್ಲಿ. ಆದರೆ ಮೈಸೂರು, ನಂಜನಗೂಡು ಎರಡೂ ಮೇಲಿವೆ. ಪಟಿಕದಿಂದ ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕುವ ಸಾಂಪ್ರದಾಯಿಕ ಶುದ್ಧೀಕರಣ, ಕಣಕ್ಕೆ ಅಂಟಿದ ಡಿಇಎಚ್‌ಪಿಯನ್ನು ಒಂದಷ್ಟು ಹಿಡಿಯುತ್ತದೆ. ನೀರಿನಲ್ಲಿ ಕರಗಿರುವ ಹಗುರ ಥ್ಯಾಲೇಟ್‌ಗಳನ್ನು ಹಾಗೆ ಹಿಡಿಯಲಾರದು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಥ್ಯಾಲೇಟ್ ಮತ್ತು ಬಿಸ್ಫೆನಾಲ್ ನಮ್ಮ ದೇಹ ಸೇರುವ ದೊಡ್ಡ ದಾರಿ ಆಹಾರ ಮತ್ತು ಅದರ ಪ್ಯಾಕಿಂಗ್. ನೀರಿನ ಪಾಲು ಸಾಮಾನ್ಯವಾಗಿ ಚಿಕ್ಕದು. ಈ ಪತ್ರ ಓದಿ ಯಾರೂ ನಲ್ಲಿ ನೀರು ಬಿಟ್ಟು ಕ್ಯಾನ್ ನೀರಿಗೆ ಓಡಬೇಕಾಗಿಲ್ಲ. ಕ್ಯಾನಿನ ಕಥೆಯೂ ಇದಕ್ಕಿಂತ ಚೆನ್ನಾಗಿಲ್ಲ. ಗಟ್ಟಿಯಾದ ನೀಲಿ 20 ಲೀಟರ್ ಕ್ಯಾನುಗಳಲ್ಲಿ ಬಹಳಷ್ಟು ಪಾಲಿಕಾರ್ಬೊನೇಟಿನವು, ಅಂದರೆ ಬಿಸ್ಫೆನಾಲ್ ಎಯಿಂದಲೇ ಮಾಡಿದವು. ಅವನ್ನು ಬಿಸಿ ಕಾಸ್ಟಿಕ್ ನೀರಿನಲ್ಲಿ ಮತ್ತೆ ಮತ್ತೆ ತೊಳೆದಾಗ ಕ್ಷಾರ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಒಡೆಯುತ್ತದೆ, ಹಳೆಯ ಗೀರುಬಿದ್ದ ಕ್ಯಾನು ಹೊಸದಕ್ಕಿಂತ ಹೆಚ್ಚು ಬಿಡುತ್ತದೆ. ಪೆಟ್ ಬಾಟಲಿಯಲ್ಲಿ ನೋಡಬೇಕಾದದ್ದು, ಆ ಪ್ಲಾಸ್ಟಿಕ್ ತಯಾರಿಸುವಾಗ ಬಳಸುವ ಆಂಟಿಮನಿ ಎಂಬ ಧಾತು. ಪ್ಯಾಕೇಜಿಂಗ್‌ನಿಂದ ಆಹಾರಕ್ಕೆ ಇಳಿಯಬಹುದಾದ ಡಿಇಎಚ್‌ಪಿಗೆ ಕಿಲೋಗೆ 1.5 ಮಿಲಿಗ್ರಾಂ, ಆಂಟಿಮನಿಗೆ 0.04 ಮಿಲಿಗ್ರಾಂ ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿದೆ. 1.5 ಮಿಲಿಗ್ರಾಂ ಎಂದರೆ 1,500 ಮೈಕ್ರೋಗ್ರಾಂ. ದಿನವಿಡೀ ಕುಡಿಯುವ ನೀರಿಗೆ 8 ಮೈಕ್ರೋಗ್ರಾಂ ಎನ್ನುವ ಮೌಲ್ಯದ ಪಕ್ಕದಲ್ಲಿ ಇದನ್ನಿಟ್ಟರೆ, ಪ್ಯಾಕಿಂಗ್ ನಿಯಮ ಪಾಸಾಯಿತು ಎನ್ನುವ ಕಾಗದ ನೀರಿನ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂದು ಗೊತ್ತಾಗುತ್ತದೆ.

ಇನ್ನು ಪರೀಕ್ಷೆಯ ಕ್ರಮ. ಶುದ್ಧೀಕರಣ ಘಟಕದ ಬಾಗಿಲಲ್ಲಿ ಮಾದರಿ ತೆಗೆದು ನಗರದ ನೀರು ಚೆನ್ನಾಗಿದೆ ಎನ್ನುವುದು ಈ ರಾಸಾಯನಿಕಗಳ ಮಟ್ಟಿಗೆ ಅರ್ಥವಿಲ್ಲದ ಮಾತು, ಏಕೆಂದರೆ ಇವು ಹೆಚ್ಚಾಗಿ ಸೇರುವುದು ಅಲ್ಲಿಂದ ಮುಂದೆ. ಪ್ರತಿ ಮನೆಯಲ್ಲೂ ನಾಲ್ಕು ಮಾದರಿ ಬೇಕು: ನೀರು ಬಿಟ್ಟ ಹೊತ್ತಿನಲ್ಲಿ ಮೀಟರ್ ಬಳಿ, ಸಂಪಿಗೆ ಬೀಳುವ ಮೊದಲು ಒಂದು, ಸಂಪಿನಿಂದ ಒಂದು, ರಾತ್ರಿ ಸತತವಾಗಿ ಆರರಿಂದ ಎಂಟು ತಾಸು ಯಾರೂ ನಲ್ಲಿ ತಿರುಗಿಸದೆ ಬೆಳಿಗ್ಗೆ ಅಡುಗೆಮನೆಯ ನಲ್ಲಿಯಿಂದ ಬರುವ ಮೊದಲ ಲೀಟರ್ ಒಂದು, ಅದೇ ನಲ್ಲಿಯನ್ನು ಐದು ನಿಮಿಷ ಹರಿಯಬಿಟ್ಟ ಮೇಲೆ ಇನ್ನೊಂದು. ಈ ನಾಲ್ಕನ್ನು ಅಕ್ಕಪಕ್ಕ ಇಟ್ಟರೆ ಮೂಲ ತಾನೇ ಹೊರಬೀಳುತ್ತದೆ. ಮೊದಲ ಲೀಟರಿನಲ್ಲಿ ಮಾತ್ರ ಹೆಚ್ಚಿದ್ದರೆ ಗೋಡೆಯೊಳಗಿನ ಪೈಪು, ನಲ್ಲಿ. ಹರಿಯಬಿಟ್ಟ ಮೇಲೂ ಹೆಚ್ಚಿದ್ದು ಸಂಪಿನಲ್ಲಿ ಕಡಿಮೆಯಿದ್ದರೆ ಟೆರೇಸಿನ ಟ್ಯಾಂಕು. ಸಂಪಿನಲ್ಲೇ ಹೆಚ್ಚಿದ್ದು ಮೀಟರಿನಲ್ಲಿ ಕಡಿಮೆಯಿದ್ದರೆ ಸಂಪಿನ ಲೇಪನ, ಇಲ್ಲವೇ ಟ್ಯಾಂಕರ್ ನೀರು. ಮೀಟರಿನಲ್ಲೇ ಹೆಚ್ಚಿದ್ದರೆ ಅದು ಮಂಡಳಿಯ ಲೈನು ಅಥವಾ ನದಿ, ಆಗ ನೆಲಮಟ್ಟದ ಜಲಾಗಾರ ಮತ್ತು ತೊರೆಕಾಡನಹಳ್ಳಿಯ ಮಾದರಿ ನೋಡಬೇಕು. ಟ್ಯಾಂಕರ್‌ಗೆ ಎರಡು ಸಾಕು: ತುಂಬಿಸುವ ಬಾಯಲ್ಲಿ ಒಂದು, ಖಾಲಿ ಮಾಡುವ ಹೋಸಿನ ತುದಿಯಲ್ಲಿ ಬರುವ ಮೊದಲ ನೀರಿನದು ಒಂದು.

ನಲ್ಲಿಯ ಬಾಯಿಗೆ ಬಟ್ಟೆ, ಜಾಲರಿ, ಪೈಪಿನ ತುಂಡು ಕಟ್ಟಿದ್ದರೆ ಕಿತ್ತುಹಾಕದೆ ಹಾಗೆಯೇ ಮಾದರಿ ತೆಗೆದು, ನಮೂನೆಯಲ್ಲಿ ಬರೆಯಬೇಕು. ಮನೆಯವರು ಕುಡಿಯುವುದು ಅದರ ಮೂಲಕ ಬಂದ ನೀರನ್ನೇ.

ಬಾಟಲಿಯ ವಿಷಯದಲ್ಲಿ ರಾಜಿ ಬೇಡ. ಥ್ಯಾಲೇಟ್ ಮತ್ತು ಬಿಸ್ಫೆನಾಲ್‌ಗೆ ಒಂದು ಲೀಟರಿನ ಕಂದು ಗಾಜಿನ ಬಾಟಲಿ, ಟೆಫ್ಲಾನ್ ಒಳಪದರದ ಮುಚ್ಚಳ. ಬಾಟಲಿಯನ್ನು ತೊಳೆದು, ಅಸಿಟೋನ್‌ನಲ್ಲಿ ಜಾಲಿಸಿ, 400 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಕೆಲವು ಗಂಟೆ ಕಾಯಿಸಿ, ಹಾಗೆಯೇ ಕಾಯಿಸಿದ ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿಡಬೇಕು. ಮಾದರಿ ತೆಗೆಯುವವರು ವಿನೈಲ್ ಕೈಗವಸು ಹಾಕಲೇಬಾರದು, ಅದು ಸ್ವತಃ ಮೆತ್ತನೆಯ ಪಿವಿಸಿ. ಸುಗಂಧದ್ರವ್ಯ, ಕೈಗೆ ಹಚ್ಚುವ ಕ್ರೀಮ್ ಬೇಡ. ಪ್ರಯೋಗಾಲಯದಲ್ಲಿ ಪೂಜೆಗೆ ಊದುಬತ್ತಿ ಹಚ್ಚುವ ರೂಢಿಯಿದ್ದರೆ ಆ ಕೋಣೆಯಲ್ಲಿ ನಿಲ್ಲಿಸಬೇಕು. ಊದುಬತ್ತಿಯ ಸುಗಂಧ ಕರಗಿಸಲು ಬಳಸುವ ಡೈಈಥೈಲ್ ಥ್ಯಾಲೇಟ್ ಹೊಗೆಯ ಜೊತೆ ಬಂದು ಮಾದರಿಯಲ್ಲಿ ಕೂರುತ್ತದೆ, ಆಮೇಲೆ ಅದು ನೀರಿನ ಲೆಕ್ಕಕ್ಕೆ ಸೇರುತ್ತದೆ.

ನೀರಿನ ಕ್ಲೋರಿನ್ ಕಳೆಯಲು ಬಾಟಲಿಯಲ್ಲಿ ಮೊದಲೇ ಲೀಟರಿಗೆ 40ರಿಂದ 50 ಮಿಲಿಗ್ರಾಂ ಸೋಡಿಯಂ ಸಲ್ಫೈಟ್ ಇರಬೇಕು. ಆದ್ದರಿಂದ ಅದನ್ನು ಮಾದರಿ ನೀರಿನಿಂದ ಜಾಲಿಸಿ ಚೆಲ್ಲುವಂತಿಲ್ಲ. ಕ್ಲೋರಿನ್ ಹಾಗೆಯೇ ಉಳಿದರೆ ದಾರಿಯಲ್ಲೇ ಬಿಸ್ಫೆನಾಲ್ ಎ ಜೊತೆ ಸೇರಿ ಅದನ್ನು ಕ್ಲೋರಿನ್‌ಯುಕ್ತ ಬಿಸ್ಫೆನಾಲ್ ಆಗಿ ಬದಲಾಯಿಸುತ್ತದೆ. ವರದಿಯಲ್ಲಿ "ಇಲ್ಲ" ಎಂದು ಬರುತ್ತದೆ, ವಸ್ತು ಬೇರೆ ರೂಪದಲ್ಲಿ ಇದ್ದೇ ಇರುತ್ತದೆ. ಅದಕ್ಕಾಗಿ ಆ ಕ್ಲೋರಿನ್‌ಯುಕ್ತ ರೂಪಗಳನ್ನೂ ಪಟ್ಟಿಗೆ ಸೇರಿಸಬೇಕು. ಕ್ಲೋರಿನ್ ಹೋದ ಮೇಲೆಯೇ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು, ಎರಡನ್ನೂ ಒಟ್ಟಿಗೆ ಸುರಿಯಬಾರದು. ಐಸ್ ಪೆಟ್ಟಿಗೆಯಲ್ಲಿ 4 ಡಿಗ್ರಿಯಲ್ಲಿ ಒಯ್ದು, 14 ದಿನದೊಳಗೆ ನೀರಿನಲ್ಲಿರುವ ರಾಸಾಯನಿಕಗಳನ್ನು ದ್ರಾವಕಕ್ಕೆ ಎಳೆಯುವ ಕೆಲಸ ಮುಗಿಸಬೇಕು. ಡಿಇಎಚ್‌ಪಿ ಗಾಜಿನ ಗೋಡೆಗೂ ಮಣ್ಣಿನ ಕಣಕ್ಕೂ ಅಂಟುತ್ತದೆ. ಹಾಗಾಗಿ ಮಾದರಿಯನ್ನು ಸೋಸಬಾರದು, ಬಾಟಲಿಯ ನೀರನ್ನೆಲ್ಲ ಬಳಸಬೇಕು, ಖಾಲಿ ಬಾಟಲಿಯನ್ನು ದ್ರಾವಕದಿಂದ ಜಾಲಿಸಿ ಅದನ್ನೂ ಸೇರಿಸಬೇಕು. ಒಂದು ಲೀಟರ್ ತಂದು ಅರ್ಧ ಲೀಟರ್ ಮಾತ್ರ ಪರೀಕ್ಷಿಸುವ ಕಡೆ ಅಂಕಿ ಯಾವಾಗಲೂ ಕಡಿಮೆಯೇ ಬರುತ್ತದೆ.

ವಿನೈಲ್ ಕ್ಲೋರೈಡ್‌ಗೆ ಬೇರೆ ಬಾಟಲಿ: 40 ಮಿಲಿಲೀಟರಿನ ಗಾಜಿನ ಸೀಸೆ, ಗಾಳಿಗುಳ್ಳೆ ಒಂದೂ ಉಳಿಯದಂತೆ ಅಂಚಿನವರೆಗೆ ತುಂಬಬೇಕು. ಗುಳ್ಳೆ ಇದ್ದರೆ ವಸ್ತು ಆ ಗುಳ್ಳೆಗೆ ಹಾರುತ್ತದೆ. ಸೀಸ ಮತ್ತು ಆಂಟಿಮನಿಗೆ ಆಮ್ಲದಲ್ಲಿ ತೊಳೆದ ಎಚ್‌ಡಿಪಿಇ ಬಾಟಲಿಯೇ ಸರಿ, ನೈಟ್ರಿಕ್ ಆಮ್ಲ ಸೇರಿಸಿ. ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳನ್ನೂ ಸೇರಿಸುವುದಾದರೆ ಪಾಲಿಪ್ರಾಪಿಲೀನ್ ಬಾಟಲಿ ಬೇಕು, ಟೆಫ್ಲಾನ್ ಹತ್ತಿರವೂ ಸುಳಿಯಬಾರದು. ಒಂದಕ್ಕೆ ಒಳ್ಳೆಯದಾದ ಬಾಟಲಿ ಇನ್ನೊಂದನ್ನು ಕೆಡಿಸುತ್ತದೆ. ಎಲ್ಲವನ್ನೂ ಒಂದೇ ಕ್ಯಾನಿನಲ್ಲಿ ತಂದು ಹಂಚಿಕೊಳ್ಳುವ ಪದ್ಧತಿ ಇಲ್ಲಿ ನಡೆಯದು. ಮೈಕ್ರೋಪ್ಲಾಸ್ಟಿಕ್ ಎಣಿಕೆ ಪೂರ್ತಿ ಬೇರೆ ಕೆಲಸ. ಐರೋಪ್ಯ ವಿಧಾನಕ್ಕೆ ಒಂದು ಮಾದರಿಗೆ 1,000 ಲೀಟರ್ ನೀರು ಸೋಸಬೇಕು. ಅದನ್ನು ಇದರೊಳಗೆ ಬೆರೆಸಿ ಎರಡನ್ನೂ ತಡಮಾಡುವುದು ಬೇಡ.

ಇಷ್ಟೆಲ್ಲ ಮಾಡಿದರೂ ಬ್ಲ್ಯಾಂಕ್, ಅಂದರೆ ಹೋಲಿಕೆಗಾಗಿ ಜೊತೆಗೇ ಪರೀಕ್ಷಿಸುವ ಶುದ್ಧ ನೀರಿನ ಮಾದರಿ, ಇಲ್ಲದ ಡಿಇಎಚ್‌ಪಿ ವರದಿಯನ್ನು ನಂಬಬಾರದು. ಈ ವಸ್ತು ಪ್ರಯೋಗಾಲಯದ ಗಾಳಿಯಲ್ಲಿ, ದ್ರಾವಕದಲ್ಲಿ, ಉಪಕರಣದ ರಬ್ಬರ್ ಬಿರಡೆಯಲ್ಲಿ, ಪ್ಲಾಸ್ಟಿಕ್ ಕೊಳವೆಯಲ್ಲಿ ಎಲ್ಲೆಲ್ಲೂ ಇರುತ್ತದೆ. ಶುದ್ಧ ನೀರನ್ನು ಗಾಜಿನಲ್ಲಿ ತುಂಬಿಕೊಂಡು ಹೋಗಿ, ಅದೇ ಅಡುಗೆಮನೆಯಲ್ಲಿ ಇನ್ನೊಂದು ಬಾಟಲಿಗೆ ಸುರಿದು ತಂದು, ಉಳಿದವುಗಳ ಜೊತೆಗೇ ಪರೀಕ್ಷಿಸಬೇಕು. ಆ ನೀರನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟಿದ್ದರೆ ಬ್ಲ್ಯಾಂಕೇ ಕೆಟ್ಟಿತು. ಪ್ರತಿ ಹತ್ತು ಮಾದರಿಗೆ ಇಂಥ ಒಂದು ಬ್ಲ್ಯಾಂಕ್, ಒಂದು ಜೋಡಿ ಮಾದರಿ, ಗೊತ್ತಿರುವ ಪ್ರಮಾಣ ಸೇರಿಸಿ ವಾಪಸು ಎಷ್ಟು ಸಿಗುತ್ತದೆ ಎಂದು ನೋಡುವ ಒಂದು ಮಾದರಿ ಇರಲಿ. ವಾಪಸು ಸಿಗುವುದು ಶೇ 70ರಿಂದ 130ರೊಳಗೆ ಇರಬೇಕು. ಬ್ಲ್ಯಾಂಕಿನ ಅಂಕಿಯನ್ನು ಸದ್ದಿಲ್ಲದೆ ಕಳೆದು ವರದಿ ಕೊಡುವುದನ್ನು ಒಪ್ಪಬೇಡಿ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆಸಿ.

ಪ್ರಯೋಗಾಲಯ ಆರಿಸುವಾಗ, ಪ್ರಯೋಗಾಲಯಗಳನ್ನು ಮಾನ್ಯ ಮಾಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆ ಇದೆ ಎಂಬ ಒಂದು ಸಾಲು ಸಾಲದು. ಮಾನ್ಯತೆಯ ವ್ಯಾಪ್ತಿಯ ಪಟ್ಟಿಯಲ್ಲಿ ಕುಡಿಯುವ ನೀರಿನಲ್ಲಿ ಡಿಇಎಚ್‌ಪಿ, ಬಿಸ್ಫೆನಾಲ್ ಎ ಎಂದು ಹೆಸರು ಹಿಡಿದು ಇದೆಯೇ, ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಬಲ್ಲರು ಎಂದು ನೋಡಬೇಕು. ಅಳತೆಯ ಕೆಳಮಿತಿ 10 ಮೈಕ್ರೋಗ್ರಾಂ ಇರುವ ಪ್ರಯೋಗಾಲಯ, 9 ಮೈಕ್ರೋಗ್ರಾಂ ಇರುವ ನೀರಿಗೆ "ಪತ್ತೆಯಾಗಿಲ್ಲ" ಎಂದು ಪ್ರಾಮಾಣಿಕವಾಗಿಯೇ ಬರೆದುಕೊಡುತ್ತದೆ. ಡಿಇಎಚ್‌ಪಿಗೆ 1, ಬಿಸ್ಫೆನಾಲ್ ಎಗೆ 0.1, ವಿನೈಲ್ ಕ್ಲೋರೈಡ್‌ಗೆ 0.1 ಮೈಕ್ರೋಗ್ರಾಂವರೆಗೆ ಅಳೆಯುವವರಿಗೇ ಕೆಲಸ ಕೊಡಿ, ಟೆಂಡರಿನಲ್ಲೇ ಅದನ್ನು ಬರೆಯಿರಿ. ಥ್ಯಾಲೇಟ್‌ಗೆ ಐಎಸ್‌ಒ 18856, ಬಿಸ್ಫೆನಾಲ್‌ಗೆ ಐಎಸ್‌ಒ 18857ರ ಎರಡನೇ ಭಾಗ ಸಿದ್ಧವಿರುವ ವಿಧಾನಗಳು; ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ.

ಆದ್ದರಿಂದ ಮಂಡಳಿಯಲ್ಲಿ ನಮ್ಮ ಕೋರಿಕೆ ಹೀಗಿದೆ. ಮೊದಲ ಸುತ್ತಿಗೆ ನಗರದ ಎಲ್ಲ ವಲಯಗಳಿಂದ 60 ಮನೆ ಆರಿಸಿ: ಹಳೆಯ ಬಡಾವಣೆ, ಹೊಸ ಅಪಾರ್ಟ್‌ಮೆಂಟ್, 110 ಹಳ್ಳಿಗಳ ಹೊಸ ಸಂಪರ್ಕ, ಟ್ಯಾಂಕರನ್ನೇ ನಂಬಿರುವ ಬೀದಿ, ಎಲ್ಲವೂ ಅದರಲ್ಲಿರಲಿ. ಟ್ಯಾಂಕು, ಪೈಪು, ಹೋಸ್ ಎಲ್ಲ ಕಾದಿರುವ ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ ಪರೀಕ್ಷೆ ಆಗಲಿ. ಡಿಸೆಂಬರಿನ ತಂಪಿನಲ್ಲಿ ಮಾತ್ರ ಮಾದರಿ ತೆಗೆದು ಎಲ್ಲ ಸರಿಯಿದೆ ಎನ್ನಬೇಡಿ. ಮಂಡಳಿಯ ಸಂಚಾರಿ ಕಾವೇರಿ ಟ್ಯಾಂಕರುಗಳಿಗೆ, ಆಮೇಲೆ ಪರವಾನಗಿ ಪಡೆದ ಖಾಸಗಿ ಟ್ಯಾಂಕರುಗಳಿಗೆ, ಕುಡಿಯುವ ನೀರಿಗೆ ಯೋಗ್ಯವೆಂದು ಪ್ರಮಾಣಪತ್ರವಿರುವ, ಥ್ಯಾಲೇಟ್ ಇಲ್ಲದ ಹೋಸನ್ನು ಷರತ್ತಾಗಿ ಹಾಕಿ. ಇದಕ್ಕೆ ಪರೀಕ್ಷೆಯ ಫಲಿತಾಂಶ ಬರುವವರೆಗೆ ಕಾಯಬೇಕಾಗಿಲ್ಲ. ಹೋಸಿನಲ್ಲಿ ನಿಂತ ನೀರನ್ನು ಸಂಪಿಗೆ ಬಿಡುವ ಮುನ್ನ ಹೊರಗೆ ಚೆಲ್ಲಿಸುವುದಕ್ಕಂತೂ ಪೈಸೆ ಖರ್ಚಿಲ್ಲ. ಪೈಪು, ಲೇಪನ, ಜಾಯಿಂಟಿನ ರಬ್ಬರ್ ಖರೀದಿಸುವ ಟೆಂಡರಿನಲ್ಲಿ ಆ ವಸ್ತುವನ್ನು ನೀರಿನಲ್ಲಿ ನೆನೆಸಿ ಮಾಡಿದ ಪರೀಕ್ಷೆಯ ವರದಿ ಕೇಳಿ.

ಫಲಿತಾಂಶವನ್ನು ವಾರ್ಡ್‌ವಾರು ಕನ್ನಡದಲ್ಲಿ ಪ್ರಕಟಿಸಿ. ಮನೆಯ ಹೆಸರು, ವಿಳಾಸ ಬೇಡ. ಮಾದರಿ ತೆಗೆದ ಬಿಂದು, ದಿನಾಂಕ, ನೀರಿನ ಉಷ್ಣತೆ, ಅಂಕಿ, ಅಳತೆಯ ಕೆಳಮಿತಿ, ಬ್ಲ್ಯಾಂಕಿನ ಅಂಕಿ ಇಷ್ಟು ಇರಲಿ. ಎಲ್ಲಾದರೂ ವಿಶ್ವ ಆರೋಗ್ಯ ಸಂಸ್ಥೆಯ ಮೌಲ್ಯ ಮೀರಿದರೆ ಎರಡು ವಾರದೊಳಗೆ ಅದೇ ಬಿಂದುವಿನಲ್ಲಿ ಮರುಪರೀಕ್ಷೆ ಆಗಬೇಕು. ಮತ್ತೆ ಮೀರಿದರೆ ಮೀಟರಿನ ಆಚೆಯದು ಮಂಡಳಿಯ ಹೊಣೆ, ಈಚೆಯದನ್ನು ಮನೆಯವರಿಗೆ ಕಾರಣಸಹಿತ ಬರೆದು ತಿಳಿಸಬೇಕು. "ಸಂಪಿನ ಲೇಪನದಿಂದ ಬರುತ್ತಿದೆ, ಇದನ್ನು ಕೆರೆದು ಸಿಮೆಂಟ್ ಗಿಲಾವು ಮಾಡಿಸಿ" ಎಂದರೆ ಜನ ಮಾಡಿಸುತ್ತಾರೆ. "ನೀರು ಕಲುಷಿತ" ಎಂದಷ್ಟೇ ಹೇಳಿದರೆ ಆರ್‌ಒ ಮಾರುವವರಿಗೆ ಲಾಭ. ಕುದಿಸಿದರೆ ಡಿಇಎಚ್‌ಪಿ ಹೋಗುವುದಿಲ್ಲ ಎಂಬುದನ್ನೂ ಆ ಪತ್ರದಲ್ಲಿ ಬರೆಯಬೇಕಾಗುತ್ತದೆ.

ಈ ಪತ್ರದ ಪ್ರತಿಯನ್ನು ಭಾರತೀಯ ಮಾನಕ ಬ್ಯೂರೋಗೂ ಕಳುಹಿಸುತ್ತಿದ್ದೇವೆ. ಐಎಸ್ 10500ಕ್ಕೆ ಡಿಇಎಚ್‌ಪಿ, ಬಿಸ್ಫೆನಾಲ್ ಎ, ವಿನೈಲ್ ಕ್ಲೋರೈಡ್ ಸೇರಿಸಬೇಕೆಂದು ಅವರನ್ನು ಕೇಳಿದ್ದೇವೆ. ನದಿಯ ಮೇಲ್ಭಾಗದ ಮಾದರಿಗಳಿಗಾಗಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ, 20 ಲೀಟರ್ ಕ್ಯಾನುಗಳಿಗಾಗಿ ರಾಜ್ಯದ ಆಹಾರ ಸುರಕ್ಷತಾ ಆಯುಕ್ತರಿಗೆ ಪ್ರತಿ ಹೋಗುತ್ತದೆ. ಮಾನಕ ಬದಲಾಗುವವರೆಗೆ ಮಂಡಳಿ ಕಾಯಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಅಳೆಯುವುದಕ್ಕೆ ಅಡ್ಡಿಯಿಲ್ಲ, ಮತ್ತು ಒಂದು ದೊಡ್ಡ ನಗರದ ಅಳತೆಗಳು ಕೈಯಲ್ಲಿದ್ದರೆ ಮಾನಕ ಬದಲಾಯಿಸುವವರಿಗೂ ಅದೇ ಆಧಾರವಾಗುತ್ತದೆ.

ಈ ಕೆಲಸದ ಹೊಣೆ ಹೊರುವ ಅಧಿಕಾರಿ ಯಾರು, ಮೊದಲ ಸುತ್ತಿನ ಮಾದರಿ ಯಾವ ತಿಂಗಳು ತೆಗೆಯಲಾಗುತ್ತದೆ, ಈ ಎರಡಕ್ಕೆ ಲಿಖಿತ ಉತ್ತರ ಕೊಡಬೇಕೆಂದು ವಿನಂತಿಸುತ್ತೇವೆ. ಮಾದರಿ ತೆಗೆಯುವ ಸಿಬ್ಬಂದಿಗೆ ತರಬೇತಿ ಬೇಕಿದ್ದರೆ, ಬಾಟಲಿ ಸಿದ್ಧಮಾಡುವುದರಿಂದ ಹಿಡಿದು ನಮೂನೆ ತುಂಬುವವರೆಗೆ, ಸಂಭಾವನೆಯಿಲ್ಲದೆ ಕಲಿಸಿಕೊಡಲು ನಾವು ಸಿದ್ಧ.

ಇತಿ ತಮ್ಮ ವಿಶ್ವಾಸಿಗಳು,
ನೀರಿನ ಪರೀಕ್ಷೆ ಮತ್ತು ಕೊಳಾಯಿ ಕೆಲಸದಲ್ಲಿ ತೊಡಗಿರುವ ಬೆಂಗಳೂರಿನ ಕೆಲವು ನಾಗರಿಕರು